ಕರೆತಂದವರು: ಗಂಡ

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೊತೆಗೆ ಕಳಿಸಿದ್ದ ತೀರ್ಪಿನ ಪ್ರತಿಯನ್ನೂ ಕೂತು ಓದಿದೆ. ಹೆಸರು, ಊರು ಹಾಕಬೇಡಿ ಅಂದಿದ್ದೀರಿ. ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನೀವು ಬರೆದದ್ದನ್ನು ನಾಲ್ಕು ಮಾತಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಿಮ್ಮ ತಂಗಿ ಆರು ವರ್ಷ ಗಂಡನ ಹೊಡೆತ ತಿಂದಳು. ಒಂದು ರಾತ್ರಿ ಹಣೆ ಒಡೆದು ಐದು ಹೊಲಿಗೆ ಬಿತ್ತು. ಆಮೇಲೆ ತವರಿಗೆ ಬಂದು ದೂರು ಕೊಟ್ಟಳು. ಮ್ಯಾಜಿಸ್ಟ್ರೇಟ್ ಕೋರ್ಟು, ಹೆಂಡತಿಗೆ ಕ್ರೌರ್ಯ ತೋರಿಸಿದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ 498ಎ ಕಲಮಿನಡಿ, ಗಂಡನಿಗೆ ಒಂದು ವರ್ಷ ಜೈಲು, ದಂಡ ಹಾಕಿತು. ಅತ್ತೆಯನ್ನು ಬಿಟ್ಟುಬಿಟ್ಟಿತು. ಅದೇ ಸಂಜೆ ಅವನು ಜಾಮೀನಿನ ಮೇಲೆ ಮನೆಗೆ ಹೋದ. ತಿಂಗಳೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಿದ. ‘ನಾವು ಗೆದ್ದಿದ್ದೋ ಸೋತಿದ್ದೋ ಒಂದೂ ಗೊತ್ತಾಗ್ತಿಲ್ಲ. ಮತ್ತೆ ಕಟಕಟೆ ಹತ್ತಬೇಕಾ ಅಕ್ಕಾ ಅಂತ ತಂಗಿ ರಾತ್ರಿಯೆಲ್ಲ ಕೇಳ್ತಾಳೆ’ ಅಂತ ಬರೆದಿದ್ದೀರಿ.

ಮೊದಲು ಅವಳಿಗೆ ಇದನ್ನು ಹೇಳಿ. ಹತ್ತಬೇಕಾಗಿಲ್ಲ. ಅಪೀಲು ಅಂದರೆ ಕೇಸು ಮೊದಲಿಂದ ನಡೆಯುವುದಲ್ಲ. ಕೆಳಗಿನ ಕೋರ್ಟಿನ ಕಡತ ಇಡಿಯಾಗಿ ಮೇಲಿನ ಕೋರ್ಟಿಗೆ ಹೋಗುತ್ತದೆ. ಅವಳು ಅವತ್ತು ಹೇಳಿದ ಮಾತು, ಪಾಟೀ ಸವಾಲಿನಲ್ಲಿ ಕೊಟ್ಟ ಉತ್ತರ, ಡಾಕ್ಟರ ಸಾಕ್ಷಿ, ಮಹಜರು ಎಲ್ಲ ಅದರಲ್ಲಿವೆ. ನ್ಯಾಯಾಧೀಶರು ಓದುವುದು ಅದನ್ನೇ. ಎರಡೂ ಕಡೆಯ ವಕೀಲರು ವಾದ ಮಾಡುವುದು ಅದರ ಮೇಲೆಯೇ. ಹೊಸ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಅಪೀಲು ಕೋರ್ಟಿಗೆ ಇದೆ, ಆದರೆ ಅದನ್ನು ಬಳಸುವುದು ತೀರಾ ಅಪರೂಪ.

ಕೋರ್ಟು ವರದಿ ಮಾಡುತ್ತಿದ್ದ ದಿನಗಳಲ್ಲಿ ಇಂಥದೇ ಒಂದು ಅಪೀಲಿನ ವಾದ ಕೇಳುತ್ತಾ ಕೂತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದವರೆಗೂ ಅಲ್ಲಾಡಲಿಲ್ಲ. ಕೊನೆಗೆ ನನ್ನ ಕಡೆ ಬಾಗಿ, ‘ನನ್ನ ಯಾವಾಗ ಕೂಗ್ತಾರೆ?’ ಅಂತ ಕೇಳಿದರು. ಯಾರೂ ಕೂಗುವುದಿಲ್ಲ ಅಂತ ಅವರಿಗೆ ಒಬ್ಬರೂ ಹೇಳಿರಲಿಲ್ಲ. ಅಷ್ಟು ಹೊತ್ತಿಗೆ ನ್ಯಾಯಾಧೀಶರು ಆಕೆಯ ಸಾಕ್ಷಿಯ ಹಾಳೆಗಳನ್ನೇ ತಿರುವಿ ಹಾಕುತ್ತಿದ್ದರು. ಅವರ ಮಾತು ಅಲ್ಲಿ ನಡೆಯುತ್ತಲೇ ಇತ್ತು, ಅದು ಅವರಿಗೇ ಗೊತ್ತಿರಲಿಲ್ಲ. ನಿಮ್ಮ ತಂಗಿಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನು ಅದೇ ಸಂಜೆ ಅವನು ಮನೆಗೆ ಹೋದ ವಿಷಯ. ಶಿಕ್ಷೆ ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದು, ಅಪರಾಧಿ ಅಷ್ಟರವರೆಗೆ ಜಾಮೀನಿನಲ್ಲೇ ಇದ್ದು, ನಾನು ಅಪೀಲು ಹಾಕುತ್ತೇನೆ ಅಂದರೆ, ಶಿಕ್ಷೆ ಕೊಟ್ಟ ಕೋರ್ಟೇ ಸಾಮಾನ್ಯವಾಗಿ ಅವನಿಗೆ ಜಾಮೀನು ಕೊಡಬೇಕಾಗುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 389ನೇ ಕಲಮಿನಲ್ಲಿ ಇದಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430ನೇ ಕಲಮು. 498ಎ ಅಡಿ ಜಾಸ್ತಿ ಅಂದರೂ ಮೂರು ವರ್ಷ ಶಿಕ್ಷೆ. ಹಾಗಾಗಿ ಇಂಥ ಕೇಸುಗಳಲ್ಲಿ ಹೆಚ್ಚಿನವರು ಅವತ್ತೇ ಮನೆಗೆ ಹೋಗುತ್ತಾರೆ. ಯಾರೋ ದುಡ್ಡು ಕೊಟ್ಟು ಬಿಡಿಸಿದರು ಅಂತ ನಿಮ್ಮ ಬೀದಿಯಲ್ಲಿ ಆಡಿಕೊಳ್ಳುತ್ತಿರುವ ಮಾತನ್ನು ಅಲ್ಲೇ ಬಿಡಿ.

ನೋಡುವವರ ಹೊಟ್ಟೆ ಉರಿಯುತ್ತದೆ ನಿಜ. ಆದರೂ ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಒಬ್ಬ ಮನುಷ್ಯ ಒಂದು ವರ್ಷ ಜೈಲಲ್ಲಿದ್ದು ಬಂದ ಮೇಲೆ ಅಪೀಲಿನಲ್ಲಿ ‘ಇವನು ತಪ್ಪಿತಸ್ಥ ಅಲ್ಲ’ ಅಂತ ಬಂದರೆ ಆ ವರ್ಷವನ್ನು ಯಾರು ವಾಪಸ್ ಕೊಡುತ್ತಾರೆ? ನಾಳೆ ನಮ್ಮ ಮನೆಯ ಹುಡುಗನೇ ಆ ಜಾಗದಲ್ಲಿ ನಿಂತರೂ ಇದೇ ನಿಯಮ ಬೇಕು ಅಂತೀವಿ ಅಲ್ವಾ? ಒಂದು ಮಾತ್ರ ಮರೆಯಬೇಡಿ. ಅಮಾನತಾಗಿರುವುದು ಜೈಲುವಾಸ, ಅವನು ತಪ್ಪಿತಸ್ಥ ಅನ್ನುವ ತೀರ್ಪಲ್ಲ. ಅಪೀಲು ಕೋರ್ಟು ಅದನ್ನು ರದ್ದು ಮಾಡುವವರೆಗೆ ಅವನು ಅಪರಾಧಿಯೇ. ನಿಮ್ಮ ತಂಗಿ ಹೇಳಿದ್ದು ನಿಜ ಅಂತ ಒಂದು ಕೋರ್ಟು ಬರೆದುಕೊಟ್ಟಿದೆ, ಅದು ಹಾಗೇ ಇದೆ.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ಅಪೀಲಿನ ಕಾರಣಗಳಲ್ಲಿ ಅವನ ವಕೀಲರು ಆಸ್ಪತ್ರೆಯ ದಾಖಲೆಯನ್ನೇ ಮೊದಲಿಗೆ ಇಟ್ಟಿದ್ದಾರೆ ಅಂದಿದ್ದೀರಿ. ‘ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ’ ಅಂತ ಅವತ್ತು ರಾತ್ರಿ ನಿಮ್ಮ ತಂಗಿಯೇ ಡಾಕ್ಟರಿಗೆ ಹೇಳಿದ್ದಳು. ಅದನ್ನು ಅವರು ಬರೆದುಕೊಂಡಿದ್ದಾರೆ. ಈ ಒಂದು ಸಾಲಿನಿಂದ ಎಲ್ಲ ಬಿದ್ದುಹೋಗುತ್ತದಾ ಅಂತ ಕೇಳಿದ್ದೀರಿ.

ತೀರ್ಪಿನಲ್ಲಿ ಆ ದಾಖಲೆಗೆ ನಿಶಾನೆ ಪಿ.4 ಅಂತ ಗುರುತು ಹಾಕಿದ್ದಾರೆ. ಅದರ ಬಗ್ಗೆ ಬರೆದಿರುವ ಪುಟವನ್ನು ನಿಧಾನಕ್ಕೆ ಓದಿ. ಬಿದ್ದೆ ಅನ್ನುವ ಸಾಲಿನ ಮೇಲೆಯೇ ಇನ್ನೊಂದು ಅಂಕಣ ಇದೆ. ‘ಕರೆತಂದವರು: ಗಂಡ’. ಹೊಡೆದವನೇ ಕರೆದುಕೊಂಡು ಬಂದಿದ್ದ. ಡಾಕ್ಟರು ಕೇಳುವಾಗ ಮಂಚದ ಪಕ್ಕದಲ್ಲೇ ನಿಂತಿದ್ದ. ಇದನ್ನು ನಿಮ್ಮ ತಂಗಿ ಸಾಕ್ಷಿಯಲ್ಲಿ ಹೇಳಿದ್ದಾಳೆ. ಪಾಟೀ ಸವಾಲಿನಲ್ಲಿ ಎದುರಿನ ವಕೀಲರು ‘ಹಾಗಾದರೆ ಡಾಕ್ಟರಿಗೆ ಸುಳ್ಳು ಹೇಳಿದಿರಿ’ ಅಂದಾಗ, ‘ಅವರು ಪಕ್ಕದಲ್ಲೇ ಇದ್ದರು, ಇನ್ನೇನು ಹೇಳಲಿ’ ಅಂದಿದ್ದಾಳೆ. ಆ ಮಾತು ಓದುವಾಗ ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಮ್ಯಾಜಿಸ್ಟ್ರೇಟರೂ ಅಲ್ಲೇ ನಿಂತು ಯೋಚಿಸಿದ್ದಾರೆ ಅಂತ ತೀರ್ಪು ನೋಡಿದರೆ ಗೊತ್ತಾಗುತ್ತದೆ. ಗಾಯ ಹೇಗಾಗಿರಬಹುದು ಅಂತ ಡಾಕ್ಟರನ್ನು ಕೇಳಿದ್ದು, ‘ಬಿದ್ದರೆ ಈ ಜಾಗದಲ್ಲಿ ಹೀಗೆ ಆಗುವ ಸಾಧ್ಯತೆ ಕಡಿಮೆ’ ಅಂತ ಅವರು ಹೇಳಿದ್ದು, ಎಲ್ಲ ಅದೇ ಪುಟದಲ್ಲಿದೆ. ಅವನ ವಕೀಲರು ತಮ್ಮ ಬಲ ಅಂತ ಎತ್ತಿ ತೋರಿಸುತ್ತಿರುವ ದಾಖಲೆಯಲ್ಲೇ ಅವಳ ಉತ್ತರವೂ ಇದೆ.

ಗಾಯಗೊಂಡವರೇ ಹೇಳುವ ಸಾಕ್ಷಿಗೆ ನಮ್ಮ ಕೋರ್ಟುಗಳು ಮೊದಲಿಂದಲೂ ಹೆಚ್ಚು ತೂಕ ಕೊಡುತ್ತವೆ. ಇಂಥ ದಿನ ಯಾವ ಸೀರೆ ಉಟ್ಟಿದ್ದೆ, ಗಂಟೆ ಎಷ್ಟಾಗಿತ್ತು ಅನ್ನುವುದರಲ್ಲಿ ಅವಳು ತಡವರಿಸಿದ್ದಾಳೆ ಅಂತಲೂ ನೀವು ಹೆದರಿದ್ದೀರಿ. 1983ರಲ್ಲಿ ಗುಜರಾತಿನಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯ ಚೆನ್ನಾಗಿ ಬಿಡಿಸಿ ಹೇಳಿದೆ. ಸಾಕ್ಷಿಗೆ ಫೋಟೋ ತೆಗೆದ ಹಾಗೆ ನೆನಪಿರಬೇಕು ಅಂತ ಬಯಸಬಾರದು, ಮನಸ್ಸಿನಲ್ಲಿ ವಿಡಿಯೊ ಟೇಪು ಓಡುವುದಿಲ್ಲ ಅನ್ನುವ ಅರ್ಥದ ಮಾತು. ಸಣ್ಣಪುಟ್ಟ ವ್ಯತ್ಯಾಸಕ್ಕೆ ಕೇಸು ಬೀಳುವುದಿಲ್ಲ. ಕೇಸಿನ ಬುಡವೇ ಅಲ್ಲಾಡುವಂಥ ವ್ಯತ್ಯಾಸ ಇದ್ದರೆ ಬೇರೆ ಮಾತು. ನಿಮ್ಮ ತಂಗಿಯ ಸಾಕ್ಷಿಯಲ್ಲಿ ಅಂಥದ್ದು ನನಗೆ ಕಾಣಲಿಲ್ಲ. ಆದರೆ ತೂಗುವವನು ನಾನಲ್ಲ. ಗೆದ್ದೇ ಗೆಲ್ಲುತ್ತೀರಿ ಅಂತ ಮಾತು ಕೊಟ್ಟರೆ ಅದು ನಿಮಗೆ ಮೋಸ ಮಾಡಿದ ಹಾಗೆ.

ಅತ್ತೆಯ ಬಿಡುಗಡೆ ಮೇಲೆ ನೀವೇ ಅಪೀಲು ಹಾಕಬಹುದಾ ಅಂದಿರಿ. ಹಾಕಬಹುದು. ನೊಂದವರಿಗೆ ಈ ಹಕ್ಕು ಬಂದದ್ದು 2009ರ ಕೊನೆಯಲ್ಲಿ. ಅದಕ್ಕೆ ಮೊದಲು ಸರ್ಕಾರ ಮನಸ್ಸು ಮಾಡಿದರೆ ಮಾತ್ರ ಅನ್ನುವಂತಿತ್ತು. ಇದಕ್ಕೆ ಕೋರ್ಟಿನ ಪೂರ್ವಾನುಮತಿಯೂ ಬೇಕಿಲ್ಲ ಅಂತ 2018ರಲ್ಲಿ, ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿತು. ಆದರೆ ನನ್ನ ಸಲಹೆ ಕೇಳಿದರೆ, ಹಾಕುವ ಮೊದಲು ಸ್ವಲ್ಪ ಯೋಚಿಸಿ. ಬಿಡುಗಡೆಯ ತೀರ್ಪನ್ನು ತಿರುಗಿಸುವುದು ಕಷ್ಟ. ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, 2007ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೆ ಜಾಗ ಇದ್ದರೆ, ಬಿಡುಗಡೆ ಮಾಡಿದ್ದನ್ನು ಅಪೀಲು ಕೋರ್ಟು ಕದಡಬಾರದು. ನಿಮ್ಮ ತಂಗಿಯ ಸಾಕ್ಷಿಯಲ್ಲಿ ಅತ್ತೆಯ ಬಗ್ಗೆ ಇರುವುದು ‘ಅವರೂ ಕಿರುಕುಳ ಕೊಡುತ್ತಿದ್ದರು’ ಅನ್ನುವ ಒಂದೇ ವಾಕ್ಯ. ಯಾವಾಗ, ಏನು ಮಾಡಿದರು ಅಂತ ಇಲ್ಲ. ಅವಳು ಅನುಭವಿಸಿಲ್ಲ ಅಂತ ನಾನು ಹೇಳುತ್ತಿಲ್ಲ. ಕಡತದಲ್ಲಿ ಇಲ್ಲ ಅಂತಿದ್ದೇನೆ. ಸಿಟ್ಟಿಗೆ ಹಾಕಿದ ಅಪೀಲು ಇನ್ನೂ ನಾಲ್ಕು ವರ್ಷ ಅವಳ ನಿದ್ದೆ ತಿನ್ನಬಹುದು. ವಕೀಲರ ಜೊತೆ ಕೂತು ಬೇಗ ತೀರ್ಮಾನ ಮಾಡಿ, ತಡ ಮಾಡಿದಷ್ಟೂ ದಾರಿ ಕಿರಿದಾಗುತ್ತದೆ.

ಶಿಕ್ಷೆ ಕಡಿಮೆ ಆಯ್ತು ಅಂತ ನೀವು ನೇರವಾಗಿ ಅಪೀಲು ಹಾಕುವಂತಿಲ್ಲ. ಅದನ್ನು ಸರ್ಕಾರವೇ ಹಾಕಬೇಕು. ಅವನು ಹಾಕಿರುವ ಅಪೀಲಿನಲ್ಲಿ ಶಿಕ್ಷೆ ಉಳಿಯಬಹುದು, ಇಳಿಯಬಹುದು, ಏರುವುದಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಪಕ್ಕಕ್ಕೆ ಬರೆದಂತೆ ಒಂದು ಸಾಲು ಇದೆ. ‘ಮಾವನವರ ಕಡೆಯವರು ದಿನಾ ಬರ್ತಾರೆ, ಆಗಿದ್ದಾಯ್ತು, ಕೇಸು ವಾಪಸ್ ತಗೊಂಡ್ಬಿಡು ಅಂತಾರೆ.’ ನನಗೆ ಅಪೀಲಿಗಿಂತ ಇದೇ ಜಾಸ್ತಿ ಯೋಚನೆ ಹತ್ತಿಸಿತು. ಕೇಸು ಈಗ ಅವಳ ಕೈಯಲ್ಲಿಲ್ಲ. ಅದು ಸರ್ಕಾರದ ಕೇಸು. 498ಎ ಇಬ್ಬರು ಒಪ್ಪಿ ಕೈಬಿಡುವ ಅಪರಾಧವೂ ಅಲ್ಲ. ರಾಜಿ ಪತ್ರ ಹಾಕಿದರೆ ಕೋರ್ಟು ಅದನ್ನು ಗಮನಕ್ಕೆ ತೆಗೆದುಕೊಂಡು ಶಿಕ್ಷೆ ಇಳಿಸಬಹುದು, ಕೆಲವೊಮ್ಮೆ ಹೈಕೋರ್ಟು ತನ್ನ ವಿಶೇಷ ಅಧಿಕಾರ ಬಳಸಬಹುದು. ಹೊರಗೆ ಜಗಲಿ ಮೇಲೆ ಮಾತಾಡಿಕೊಂಡ ಮಾತ್ರಕ್ಕೆ ಏನೂ ಮುಗಿಯುವುದಿಲ್ಲ. ‘ಅದು ನನ್ನ ಕೈಲಿಲ್ಲ’ ಅಂತ ಅವಳು ಹೇಳಲಿ. ಅದು ನಿಜವೂ ಹೌದು, ಅವಳಿಗೆ ಕಾವಲೂ ಹೌದು. ಅವಳೇ ಮನಸಾರೆ ರಾಜಿ ಬೇಕು ಅಂದರೆ ಆ ಮಾತು ಬೇರೆ. ಆಗಲೂ ವಕೀಲರ ಎದುರಿಗೇ ಆಗಲಿ.

ಬರುವವರು ಬೆದರಿಕೆ ಹಾಕಿದರೆ ಸುಮ್ಮನಿರಬೇಡಿ. ಅವನು ಹೊರಗಿರುವುದು ಕೋರ್ಟಿನ ಷರತ್ತಿನ ಮೇಲೆ. ಜಾಮೀನು ರದ್ದು ಮಾಡಿ ಅಂತ ಸರ್ಕಾರಿ ಅಭಿಯೋಜಕರ ಮೂಲಕ ಕೇಳಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶವನ್ನೂ ಬೇರೆಯಾಗಿ ಪಡೆಯಬಹುದು. ಅಪೀಲು ಬಾಕಿ ಇದೆ ಅನ್ನುವುದು ಅದಕ್ಕೆ ಅಡ್ಡಿಯಲ್ಲ. ಆ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಇದೆ. ರಾತ್ರಿ ಹೊತ್ತು ಹೆದರಿಕೆ ಆದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸಂಕೋಚಪಟ್ಟು ಬರೆದಿದ್ದೀರಿ. ಸಂಕೋಚ ಬೇಡ. ಅಪೀಲಿನಲ್ಲಿ ಅವಳ ಪರ ವಾದಿಸುವುದು ಸರ್ಕಾರಿ ಅಭಿಯೋಜಕರು, ಅದಕ್ಕೆ ಖರ್ಚಿಲ್ಲ. ಅವರಿಗೆ ನೆರವಾಗಲು ಅವಳದೇ ವಕೀಲರು ಬೇಕಾದರೆ ಕೋರ್ಟಿನ ಅನುಮತಿ ಪಡೆದು ಇಟ್ಟುಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಮುಂದಿನ ವಾಯಿದೆಗೆ ತಂಗಿ ಬರಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ನೀವು ಹೋಗಿ. ತೀರ್ಪಿನ ಪ್ರತಿಯಲ್ಲಿ ನಿಶಾನೆ ಪಿ.4 ಬಗ್ಗೆ ಇರುವ ಪುಟಕ್ಕೆ ಒಂದು ಚೀಟಿ ಅಂಟಿಸಿ. ವಾದದ ದಿನಕ್ಕೆ ಮೊದಲೇ ಅಭಿಯೋಜಕರನ್ನು ಕಂಡು ಆ ಪುಟ ತೋರಿಸಿ, ‘ಕರೆತಂದವರು’ ಅನ್ನುವ ಅಂಕಣ ನೋಡಿ ಸಾರ್ ಅಂತ ಹೇಳಿ. ಅವರ ಮೇಜಿನ ಮೇಲೆ ಕಡತಗಳ ರಾಶಿ ಇರುತ್ತದೆ, ನೀವು ತೋರಿಸಿದ್ದು ಅವರಿಗೂ ಉಪಕಾರ. ಸಂಜೆ ಮನೆಗೆ ಬಂದು ಅಲ್ಲಿ ಏನಾಯಿತು ಅಂತ ತಂಗಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಆಮೇಲೆ ನನಗೂ ಒಂದು ಸಾಲು ಬರೆಯಿರಿ.

ನಿಮ್ಮ,
ಸಂಪಾದಕ