ಸಂಪಾದಕರ ಉತ್ತರ: ಹಾಲ್ ಒಳಗೆ ಕೂತು ಮಾತಾಡಿದ್ರೆ ಯಾರ ಹಕ್ಕು ಉಳಿಯುತ್ತೆ?

ಹೋದ ಸಂಚಿಕೆಲಿ ಬೆಂಗಳೂರಲ್ಲಿ ಸೇರಿದ್ದ ದಕ್ಷಿಣ ರಾಜ್ಯಗಳ ಮಾನವ ಹಕ್ಕು ಕಾರ್ಯಕರ್ತರ, ಸಂಘಟಕರ ಸಮಾವೇಶಕ್ಕೆ ಅಷ್ಟು ಪುಟ ಕೊಟ್ಟಿದ್ದು ಪೀಣ್ಯದ ಓದುಗರೊಬ್ಬರಿಗೆ ಸರಿ ಕಂಡಿಲ್ಲ. ಅವರ ಪತ್ರದ ಸಾರ ಇಷ್ಟು: ಎರಡು ದಿನ ಮಾತಾಡಿ, ನಿರ್ಣಯ ಓದಿ, ಫೋಟೋ ತೆಗೆಸ್ಕೊಂಡು ಹೋದ್ರೆ ಯಾರ ಹಕ್ಕು ಉಳಿಯುತ್ತೆ? 2016ರಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಯಾವ ಸಮಾವೇಶಾನೂ ಮಾಡದೆ ರಸ್ತೆಗಿಳಿದ್ರು, ಎರಡೇ ದಿನಕ್ಕೆ ದಿಲ್ಲಿ ಬಗ್ಗಿತು. ಹೊರ ರಾಜ್ಯದೋರು ಬಂದು ನಮಗೆ ಹೇಳ್ಕೊಡೋದು ಏನಿದೆ? ಮಾನವ ಹಕ್ಕು ಆಯೋಗ ಇರೋವಾಗ ಇವರೆಲ್ಲ ಯಾಕೆ? ಅದೂ ಅಲ್ಲಿ ಎಲ್ಲಾ ಇಂಗ್ಲಿಷಲ್ಲೇ ನಡೀತು.

ಸರ್, ಗಾರ್ಮೆಂಟ್ಸ್ ವಿಷಯದಿಂದಾನೇ ಶುರು ಮಾಡ್ತೀನಿ, ನಿಮ್ಮ ವಾದದಲ್ಲಿ ಗಟ್ಟಿ ಇರೋದು ಅದೇ. ಆ ವರ್ಷ ಫೆಬ್ರವರಿಲಿ ಬಂದ ಪಿಎಫ್ ನಿಯಮದ ಪ್ರಕಾರ ಮಾಲೀಕರು ಕಟ್ಟಿದ ಪಾಲನ್ನ 58 ವರ್ಷ ತುಂಬೋತನಕ ಮುಟ್ಟೋ ಹಾಗಿರಲಿಲ್ಲ. ಮಿಷಿನ್ ಮುಂದೆ ಕೂತು ಕೂತು ಕಣ್ಣು, ಸೊಂಟ ಎರಡೂ ಸೋತು ನಲವತ್ತಕ್ಕೇ ಕೆಲಸ ಬಿಡೋ ಹೆಂಗಸಿಗೆ, ಮಗಳ ಫೀಸಿಗೋ ಊರಲ್ಲಿರೋ ಸಾಲಕ್ಕೋ ಅಂತ ಇರೋದು ಆ ಒಂದೇ ದುಡ್ಡು. ಏಪ್ರಿಲ್ 18, 19ಕ್ಕೆ ಅವರು ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ನಿಲ್ಲಿಸಿದ್ರು, 19ನೇ ತಾರೀಖೇ ಕೇಂದ್ರ ಆ ನಿಯಮ ವಾಪಸ್ ತಗೊಂಡಿತು. ಕರೆ ಕೊಟ್ಟ ದೊಡ್ಡ ಯೂನಿಯನ್ ಯಾವುದೂ ಇರಲಿಲ್ಲ ಅನ್ನೋದೂ ನಿಜ, ಆ ಗೆಲುವು ಪೂರ್ತಿ ಅವರದೇ.

ಆದ್ರೆ 20ನೇ ತಾರೀಖಿಂದ ಆಚೆಗೆ ಏನಾಯ್ತು ನೋಡಿ. ಲಾಠಿ ಏಟು ಬಿದ್ದಿತ್ತು, ಕೇಸು ಹಾಕಿದ್ರು, ಎಷ್ಟೋ ಜನರನ್ನ ಹಿಡ್ಕೊಂಡು ಹೋಗಿದ್ರು. ಆಗ ಸ್ಟೇಷನ್ನಿಗೆ ಓಡೋಕೆ, ಜಾಮೀನಿಗೆ ನಿಲ್ಲೋಕೆ, ಮನೆಮನೆಗೆ ಹೋಗಿ ಏಟು ತಿಂದೋರ ಮಾತು ಬರ್ಕೊಂಡು ಸತ್ಯಶೋಧನಾ ವರದಿ ಮಾಡೋಕೆ ಜನ ಬೇಕಾಗುತ್ತೆ, ಆ ಜನ ಒಬ್ಬರಿಗೊಬ್ಬರು ಮುಂಚೆನೇ ಗೊತ್ತಿರಬೇಕಾಗುತ್ತೆ, ಮಧ್ಯರಾತ್ರಿ ಫೋನ್ ಮಾಡಿದ್ರೆ ಎತ್ತೋ ಅಷ್ಟು ಸಲಿಗೆ ಇರಬೇಕಾಗುತ್ತೆ. ಅಂಥ ಪರಿಚಯ ಹುಟ್ಟೋದು ಇಂಥ ಕಡೆನೇ, ನಿರ್ಣಯ ಓದೋ ಹೊತ್ತಲ್ಲಿ ಅಂತ ನಾನೂ ಹೇಳಲ್ಲ, ಊಟದ ಸಾಲಲ್ಲಿ, ರಾತ್ರಿ ಡಾರ್ಮಿಟರಿಲಿ ಕೂತು ನಿಮ್ಮ ತಾಲ್ಲೂಕಲ್ಲಿ ಹೀಗಾದಾಗ ಏನ್ ಮಾಡಿದ್ರಿ ಅಂತ ಒಬ್ಬರನ್ನೊಬ್ಬರು ಕೇಳೋವಾಗ.

ಹೊರಗಿನೋರು ಅಂದ್ರಲ್ಲ, ಅದಕ್ಕೆ ಒಂದು ವಿಷಯ ಹೇಳ್ತೀನಿ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅನ್ನೋರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದ್ರು. ಅದನ್ನೇ ಅರ್ಜಿ ಅಂತ ತಗೊಂಡು ಕೋರ್ಟು 1996ರ ಡಿಸೆಂಬರಲ್ಲಿ ತೀರ್ಪು ಕೊಡ್ತು. ಇವತ್ತು ಬೆಂಗಳೂರಲ್ಲಿ ಪೊಲೀಸರು ಯಾರನ್ನೇ ಬಂಧಿಸಲಿ, ಅರೆಸ್ಟ್ ಮೆಮೊ, ಅಂದ್ರೆ ಬಂಧನದ ವಿವರದ ಚೀಟಿ, ಬರೀಬೇಕು, ಅದಕ್ಕೆ ಸಾಕ್ಷಿ ಸಹಿ ಇರಬೇಕು, ಮನೆಯೋರಿಗೋ ಸ್ನೇಹಿತರಿಗೋ ತಿಳಿಸಬೇಕು ಅನ್ನೋ ನಿಯಮದ ಮೂಲ ಆ ಪತ್ರ. ತೀರ್ಪಲ್ಲಿ ಇದೆ ಅಂದಮಾತ್ರಕ್ಕೆ ಸ್ಟೇಷನ್ನಲ್ಲಿ ನಡೆಯುತ್ತಾ? ಇಲ್ಲ, ಮೆಮೊ ಎಲ್ಲಿ ಸಾರ್ ಅಂತ ಕೇಳೋ ಒಬ್ಬ ಮನುಷ್ಯ ಎದುರಿಗೆ ನಿಂತಿರಬೇಕು, ಹೇಗೆ ಕೇಳೋದು, ಹೆದರಿಸಿದ್ರೆ ಏನು ಹೇಳೋದು ಅಂತ ಮಾಡಿ ಗೊತ್ತಿರೋರ ಹತ್ರ ಕಲಿತಿರಬೇಕು. ಮಸ್ಟರ್ ರೋಲನ್ನ, ಅಂದ್ರೆ ಕೂಲಿ ಹಾಜರಿ ಪಟ್ಟಿನ, ಊರೋರ ಮುಂದೆ ಗಟ್ಟಿಯಾಗಿ ಓದಿ ಕಳ್ಳಲೆಕ್ಕ ಹಿಡಿಯೋ ಜನಸುನ್‌ವಾಯಿ ಅನ್ನೋ ಬಹಿರಂಗ ವಿಚಾರಣೆ ಕೂಡ 1994ರ ಕೊನೆಗೆ ರಾಜಸ್ಥಾನದ ಹಳ್ಳಿಲಿ ಕೂಲಿಕಾರರು ಶುರು ಮಾಡಿದ್ದು, ಅವರ ಹೋರಾಟದಿಂದ ಎದ್ದ ಕೂಗೇ ಮಾಹಿತಿ ಹಕ್ಕಾಯ್ತು, ಕರ್ನಾಟಕ 2000ದಲ್ಲೇ ಕಾನೂನು ಮಾಡ್ತು, ದೇಶಕ್ಕೆ ಬರೋಕೆ 2005 ಆಯ್ತು. ರಾಜ್ಯದ ಗಡಿ ನೋಡ್ಕೊಂಡು ಕೂತಿದ್ರೆ ಇದ್ಯಾವುದೂ ನಮ್ಮ ತನಕ ಬರ್ತಿರಲಿಲ್ಲ.

ಆಯೋಗದ ಬಗ್ಗೆ ಜಾಸ್ತಿ ಹೇಳಲ್ಲ. 1993ರ ಮಾನವ ಹಕ್ಕು ರಕ್ಷಣಾ ಕಾಯ್ದೆ ಪ್ರಕಾರ ಘಟನೆ ನಡೆದು ಒಂದು ವರ್ಷ ದಾಟಿದ್ರೆ ಆಯೋಗ ವಿಚಾರಣೆ ಮಾಡೋ ಹಾಗಿಲ್ಲ, ಮಾಡಿದ್ರೂ ಅದು ಕೊಡೋದು ಶಿಫಾರಸು. ಆ ವರ್ಷದೊಳಗೆ ದೂರು ಬರೆಸಿ ಕಳಿಸೋರು ಯಾರು? ನೀವು ಯಾಕೆ ಬೇಕು ಅಂತ ಕೇಳ್ತಿರೋ ಇದೇ ಜನ.

ರಸ್ತೆಗಿಳೀರಿ ಅಂತೀರಿ. ಈ ಊರಲ್ಲಿ ಪ್ರತಿಭಟನೆಗೆ ಅಂತ ಉಳಿದಿರೋದು ಫ್ರೀಡಂ ಪಾರ್ಕ್ ಒಂದೇ, ಹಳೇ ಸೆಂಟ್ರಲ್ ಜೈಲಿದ್ದ ಜಾಗ. ತುರ್ತು ಪರಿಸ್ಥಿತಿಲಿ ನಟಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಲ್ಲಿ ಉಸಿರಿಗೆ ಒದ್ದಾಡಿದ್ದು ಆ ಜೈಲಲ್ಲೇ, 1977ರ ಜನವರಿಲಿ ಹೊರಗೆ ಬಿಟ್ರು, ಕೆಲವೇ ದಿನಕ್ಕೆ ತೀರ್ಕೊಂಡ್ರು. ಅದನ್ನ ನೆನೆಸಿಕೊಂಡ್ರೆ ಈಗಲೂ ನನಗೆ ಸಿಟ್ಟು ಬರುತ್ತೆ. ಒಳಗಿರೋ ಒಬ್ಬರ ವಿಷಯ ಹೊರಗೆ ಹತ್ತು ಊರಿಗೆ ಗೊತ್ತಿರೋದಕ್ಕೂ ಯಾರಿಗೂ ಗೊತ್ತಿಲ್ಲದಿರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂಟಿಯಾಗಿ ತಾಲ್ಲೂಕಲ್ಲಿ ಮರಳು ದಂಧೆ ವಿರುದ್ಧ, ಜಾತಿ ದೌರ್ಜನ್ಯದ ವಿರುದ್ಧ ನಿಂತಿರೋರನ್ನ ಕೇಳಿ ನೋಡಿ. 1998ರಲ್ಲಿ ವಿಶ್ವಸಂಸ್ಥೆ ಹಕ್ಕು ರಕ್ಷಕರ ಬಗ್ಗೆ ಘೋಷಣೆ ಮಾಡಿದಾಗ ಶಾಂತಿಯಿಂದ ಸೇರೋದನ್ನೇ ಒಂದು ಹಕ್ಕು ಅಂತ ಬರೆದಿದ್ದು ಸುಮ್ನೆ ಅಲ್ಲ.

ಇಂಗ್ಲಿಷ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕಕ್ಕೂ ಅನುವಾದಕರನ್ನ ಕೂರಿಸೋದು ಕಷ್ಟದ ಕೆಲಸ, ಖರ್ಚಿನ ಕೆಲಸ, ಆದ್ರೂ ಅದಿಲ್ಲದೆ ಬೇರೆ ಯಾವ ಖರ್ಚೂ ಮಾಡಬಾರದು. ಮೊದಲ ದಿನ ಬೆಳಿಗ್ಗೆ ವೇದಿಕೆ ಮೇಲೆ ಕೂರೋದು ಪ್ರೊಫೆಸರು, ವಕೀಲರು, ಪೌರಕಾರ್ಮಿಕ ಹೆಂಗಸಿಗೆ ಸಿಗೋದು ಎರಡನೇ ದಿನ ಸಂಜೆ ಐದು ನಿಮಿಷ, ಅಷ್ಟೊತ್ತಿಗೆ ಅರ್ಧ ಹಾಲ್ ಬಸ್ ಹಿಡಿಯೋಕೆ ಎದ್ದಿರುತ್ತೆ. 2022ರ ಜುಲೈಲಿ ಕಸ ಗುಡಿಸೋದು ನಿಲ್ಲಿಸಿ ಕೂತು, ಕೆಲಸ ಕಾಯಂ ಮಾಡ್ತೀವಿ ಅಂತ ಸರ್ಕಾರದ ಬಾಯಲ್ಲಿ ಹೇಳಿಸಿದೋರು ಅವರು. ಅಷ್ಟು ಜನರನ್ನ ಹೇಗೆ ಒಟ್ಟು ಮಾಡಿದ್ರು, ಕಂಟ್ರಾಕ್ಟರ್ ಹೆದರಿಸಿದಾಗ ಏನ್ ಮಾಡಿದ್ರು ಅಂತ ಪಕ್ಕದ ರಾಜ್ಯದೋರು ಕೇಳಬೇಕಿರೋದು ಅವರ ಬಾಯಿಂದ. ಮುಂದಿನ ಸಮಾವೇಶದಲ್ಲಿ ಮೊದಲ ಗೋಷ್ಠಿ ಅವರದೇ ಇರಲಿ, ಕನ್ನಡದಲ್ಲೇ ಇರಲಿ ಅಂತ ಸಂಘಟಕರಿಗೆ ಬರೆದು ಕೇಳ್ತಾ ಇದೀವಿ, ನಿಮ್ಮ ಪತ್ರಾನೂ ಅದರ ಜೊತೆ ಕಳಿಸ್ತಾ ಇದೀವಿ.