ಮರಿಯಮ್ಮನಿಗೆ ಸೀರೆ ಉಡಿಸಿದವರು ಯಾರು?

ಓದುಗರ ಪತ್ರ: "ಕಳೆದ ಭಾನುವಾರ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ನೋಡಲು ಹೋಗಿದ್ದೆ. ಕಟ್ಟಡ ಪೂರಾ ಯುರೋಪಿನದು. ಒಳಗಿನ ಮರಿಯಮ್ಮನಿಗೆ ಮಾತ್ರ ಸೀರೆ, ಮಲ್ಲಿಗೆ ಹಾರ. ಹಬ್ಬದಲ್ಲಿ ತೇರೂ ಎಳೆಯುತ್ತಾರಂತೆ. ಇದೆಲ್ಲ ನಮ್ಮವರನ್ನು ಸೆಳೆಯಲು ಮಿಷನರಿಗಳು ಹೂಡಿದ ಉಪಾಯ ತಾನೇ? ಇಪ್ಪತ್ತು ನಿಮಿಷ ಇದ್ದು ಬಂದೆ. ನಾಲ್ಕು ಫೋಟೊ ಲಗತ್ತಿಸಿದ್ದೇನೆ." – ಒಬ್ಬ ಓದುಗ, ಬಸವನಗುಡಿ

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಿಷನರಿಗಳು ಇಲ್ಲಿಗೆ ಹವಾ ಸೇವನೆಗೆ ಬಂದವರಲ್ಲ, ಮತಾಂತರ ಅವರ ಕೆಲಸ. ಉಪಾಯವನ್ನೂ ಹೂಡಿದ್ದಾರೆ. 17ನೇ ಶತಮಾನದಲ್ಲಿ ಮಧುರೆಯಲ್ಲಿ ಡಿ ನೊಬಿಲಿ ಎಂಬ ಪಾದ್ರಿ ಸನ್ಯಾಸಿಯ ವೇಷದಲ್ಲೇ ಬದುಕಿದ. ಸರಿ, ಅಷ್ಟಾಯಿತಲ್ಲ, ಈಗ ತೇರಿಗೆ ಬರೋಣ.

ನೀವು ನೋಡಿದ ಜಾಗದಲ್ಲಿ 19ನೇ ಶತಮಾನದ ಶುರುವಿನಲ್ಲಿ ಚಿಕ್ಕದೊಂದು ಗುಡಿ ಕಟ್ಟಿಸಿದವರು ಅಬ್ಬೆ ದುಬ್ವಾ. ಫ್ರಾನ್ಸಿನ ಪಾದ್ರಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕಡೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು. ನಮ್ಮವರ ಹಾಗೇ ಉಟ್ಟು, ನಮ್ಮವರ ಹಾಗೇ ಉಂಡರು. ಸಿಡುಬಿಗೆ ಲಸಿಕೆ ಹಾಕಿಸಲು ಮೈಸೂರು ಸೀಮೆಯಲ್ಲಿ ಊರೂರು ತಿರುಗಿದರು. ತೇರು ಇವರದೇ ಉಪಾಯ ಅಂತ ನಿಮಗೆ ಅನ್ನಿಸಬಹುದು, ಅಲ್ವಾ? ಇವರು 1823ರಲ್ಲಿ ಪ್ರಕಟಿಸಿದ ಪತ್ರಗಳನ್ನು ಓದಿ. ದೇಸಿ ಕ್ರೈಸ್ತರು ರಾತ್ರಿ ಹೊತ್ತು ತಮಟೆ, ಕೊಂಬು, ದೀವಟಿಗೆ, ಮತಾಪು ಸಮೇತ ತೇರು ಎಳೆಯುವುದನ್ನು ಕಂಡು ತಮಗೆ ನಾಚಿಕೆಯಾಗುತ್ತಿತ್ತು ಎಂದು ಬರೆದಿದ್ದಾರೆ. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದೂ ಅದರಲ್ಲೇ ಕೈಚೆಲ್ಲಿದ್ದಾರೆ. ಅದೇ ವರ್ಷ ಊರಿಗೆ ಹೊರಟವರು ತಿರುಗಿ ಬರಲಿಲ್ಲ.

ಅಂದರೆ, ಪಾದ್ರಿ ನಾಚಿಕೊಂಡ, ಜನ ತೇರು ಎಳೆದರು. ಉಪಾಯ ಯಾರದು ಸ್ವಾಮಿ?

ಆ ಜನ ಯಾರೆಂದು ಕೇಳಿ. ಸೆಂಜಿ ಕಡೆಯಿಂದ ಬಂದು ಇಲ್ಲಿ ಭತ್ತ ಬೆಳೆದ ತಮಿಳು ಕ್ರೈಸ್ತರು ಎನ್ನುತ್ತಾರೆ. ಅವರು ಬೆಳೆದ ಅಕ್ಕಿಯಿಂದಲೇ ಊರು ಬಿಳಿ ಅಕ್ಕಿ ಪಳ್ಳಿ ಆಯಿತಂತೆ. ಇಂಗ್ಲಿಷರ ಬಾಯಲ್ಲಿ ಬಿಳಿ ಹೋಗಿ ಬ್ಲ್ಯಾಕ್‌ಪಲ್ಲಿ! ಕತೆ ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ. 1809ರಲ್ಲಿ ಇಂಗ್ಲಿಷರ ದಂಡು, ಅಂದರೆ ಕಂಟೋನ್ಮೆಂಟ್, ಬಂತು, ಆಮೇಲೆ ಶಿವಾಜಿನಗರ ಎಂಬ ಹೆಸರು. ನೀವು ಫೋಟೊ ತೆಗೆದ ಚೂಪು ಕಮಾನಿನ ಕಟ್ಟಡ ಮುಗಿದದ್ದು 1882ರಲ್ಲಿ. ಬೆಸಿಲಿಕಾ ಪದವಿ ಸಿಕ್ಕಿದ್ದು 1973ರಲ್ಲಿ.

ನಮ್ಮಮ್ಮ ಚಾಮರಾಜಪೇಟೆಯಿಂದ ಬಸ್ಸಿನಲ್ಲಿ ರಸೆಲ್ ಮಾರ್ಕೆಟ್ಟಿಗೆ ಬರುತ್ತಿದ್ದಳು. ತರಕಾರಿಗೆ, ಮನೆಯ ಹೂವಿಗೆ ಎಂಟಾಣೆಗೂ ಚೌಕಾಸಿ. ಆದರೆ ಚರ್ಚಿನ ಬಾಗಿಲಲ್ಲಿ ಎರಡು ಮೊಳ ಮಲ್ಲಿಗೆ ಕೊಳ್ಳುವಾಗ ಹೇಳಿದಷ್ಟು ಕೊಟ್ಟುಬಿಡುತ್ತಿದ್ದಳು. "ಮಾರ್ಕೆಟ್ಟಲ್ಲಿ ಇದಕ್ಕೇ ಜಗಳ ಆಡ್ದೆ?" ಅಂದರೆ, "ಅದು ನನ್ನ ತಲೆಗೆ, ಇದು ಅವಳಿಗೆ" ಅನ್ನುತ್ತಿದ್ದಳು. ತಂಗಿಗೆ ಕಾಮಾಲೆ ಆದಾಗ ಅಣ್ಣಮ್ಮ ದೇವಿಗೂ ಹರಕೆ, ಇಲ್ಲಿಗೂ ಹರಕೆ. ಒಳಗೆ ಹೋಗುವಾಗ ಚಪ್ಪಲಿ ಕಳಚಿ ನನ್ನ ಕೈಗೆ ಕೊಡುತ್ತಿದ್ದಳು. ಯಾವ ಪಾದ್ರಿಯೂ ಅವಳನ್ನು ಕರೆದಿರಲಿಲ್ಲ. ಅವಳ ಮತವೂ ಬದಲಾಗಲಿಲ್ಲ.

ಬಸವನಗುಡಿ, ಚಾಮರಾಜಪೇಟೆಯ ನಮಗೆ ದಂಡು ಇವತ್ತಿಗೂ ಪರದೇಶ. ನನ್ನ ಮೇಜಿಗೆ ಬರುವ ಬೆಂಗಳೂರಿನ ಲೇಖನಗಳೆಲ್ಲ ಕೆಂಪೇಗೌಡರಿಂದ ಶುರುವಾಗಿ ಬೆಂದಕಾಳೂರಿಗೆ ಬಂದು ಐಟಿಗೆ ಜಿಗಿಯುತ್ತವೆ. ಶಿವಾಜಿನಗರ ಬಂದರೆ ಬಿರಿಯಾನಿಗಾಗಿ ಮಾತ್ರ. ಜಾಸ್ತಿ ಪಾಲು ವಾಟ್ಸಾಪಿನಿಂದ ಎತ್ತಿದ್ದು. ಎತ್ತುವುದೇನೂ ಹೊಸದಲ್ಲ ಬಿಡಿ. ಹಿಂದೂಗಳ ರೀತಿನೀತಿಯ ಬಗ್ಗೆ ಇದೇ ದುಬ್ವಾ ಕೊಟ್ಟ ಹಸ್ತಪ್ರತಿಗೆ ಈಸ್ಟ್ ಇಂಡಿಯಾ ಕಂಪನಿ 2000 ವರಹ ತೆತ್ತಿತು. ಅದರ ಬಹುಪಾಲು ಕ್ಯೂರ್ದೂ ಎಂಬ ಹಿಂದಿನ ಪಾದ್ರಿ ಬರೆದದ್ದರಿಂದ ಬಂದದ್ದು ಎಂದು ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಆದರೂ ದುಬ್ವಾ ಮೂವತ್ತು ವರ್ಷ ಈ ದೇಶದಲ್ಲಿ ಇದ್ದು ನೋಡಿದ. ನೀವು ಇದ್ದದ್ದು ಇಪ್ಪತ್ತು ನಿಮಿಷ.

ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ಆಗ ಇನ್ನೊಮ್ಮೆ ಹೋಗಿ. ಕ್ಯಾಮೆರಾ ಬೇಕಾದರೆ ತಗೊಂಡೇ ಹೋಗಿ. ನಿಮ್ಮ ನಾಲ್ಕೂ ಫೋಟೊ ನೋಡಿದೆ. ಮೂರರಲ್ಲಿ ಬರೀ ಗೋಪುರ. ನಾಲ್ಕನೆಯದರ ಅಂಚಿನಲ್ಲಿ ಒಬ್ಬಾಕೆ ಮೇಣದ ಪುಟ್ಟ ಮನೆ ಹಿಡಿದು ನಿಂತಿದ್ದಾರೆ. ಸ್ವಂತ ಮನೆ ಆಗಲಿ ಅಂತ ಹರಕೆ ಇರಬೇಕು. ಮುಖ ಅರ್ಧಕ್ಕೇ ಕತ್ತರಿಸಿಹೋಗಿದೆ. ಅವರು ಪೂರ್ತಿ ಕಾಣುವ ಫೋಟೊ ಇದ್ದರೆ, ಅವರನ್ನು ಕೇಳಿ ತೆಗೆದದ್ದಾಗಿದ್ದರೆ, ಕಳಿಸಿ. ಗೋಪುರದ್ದು ನಮ್ಮಲ್ಲಿ ಬೇಕಾದಷ್ಟಿವೆ.