ಬಳ್ಳಾರಿಯ ಕೂಲಿಯವರು ಗಣಿಧಣಿಗಳಿಗೆ ಯಾಕೆ ವೋಟು ಹಾಕಿದರು?

'ನಿಮ್ಮೂರಿನ ಕೂಲಿಯವರೇ ಗಣಿಧಣಿಗಳನ್ನ ಗೆಲ್ಲಿಸ್ತಾರಲ್ಲ, ದುಡ್ಡಿಗೆ ತಾನೇ?' ಅಂತ ನೀನು ಕೇಳಿದೆ. ದುಡ್ಡು ಹಂಚಲಿಲ್ಲ ಅಂತ ನಾನು ಹೇಳಲ್ಲ. ಆದರೆ ಬರೀ ದುಡ್ಡು ಅಂದುಬಿಟ್ಟರೆ ನಮ್ಮ ಜನ ನಿನಗೆ ಗೊತ್ತೇ ಇಲ್ಲ ಅಂತ ಅರ್ಥ.

ಚೀನಾ 2008ರ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ವರ್ಷಗಳು. ಅಲ್ಲಿಗೆ ಹೋಗೋ ನಮ್ಮ ಕಬ್ಬಿಣದ ಅದಿರಿನ ರೇಟು ಎಲ್ಲೋ ಹೋಯಿತು. ಸಂಡೂರು, ಹೊಸಪೇಟೆ ಕಡೆ ಬೆಳೆ ಬೆಳೆಯೋ ಹೊಲವನ್ನೂ ಅಗೆದರು. ನಮ್ಮ ಓಣಿಯ ಹುಡುಗನೊಬ್ಬ ಲಾರಿ ಕ್ಲೀನರ್ ಆಗಿ ಸೇರಿದ, ಡ್ರೈವರ್ ಆದ, ಆಮೇಲೆ ಸಾಲ ಮಾಡಿ ಸ್ವಂತ ಟಿಪ್ಪರ್ ತಂದ. ರಾತ್ರಿ ಮನೆಗೆ ಬಂದರೆ ಅವನ ಕಣ್ರೆಪ್ಪೆ ಮೇಲೂ ಕೆಂಪು ಧೂಳು. ಆದರೂ ಮುಖದಲ್ಲಿ ಖುಷಿ ಇತ್ತು. ಪಂಚರ್ ಅಂಗಡಿಯವನು, ಹೋಟೆಲಿನವನು, ಗಾರೆ ಕೆಲಸದವನು, ಎಲ್ಲರ ಕೈಯಲ್ಲೂ ನಾಲ್ಕು ಕಾಸು ಆಡಿತು. ಗಣಿಧಣಿ ಜನಾರ್ದನ ರೆಡ್ಡಿ ಪೊಲೀಸ್ ಪೇದೆಯ ಮಗ ಅನ್ನೋದು ಊರಿಗೆಲ್ಲ ಗೊತ್ತಿತ್ತು. ನಮ್ಮಂಥ ಮನೆಯಿಂದಲೇ ಮೇಲೆ ಬಂದವನು ಅನ್ನೋ ಅಭಿಮಾನ ಬೆಳೆಯಿತು. ರೆಡ್ಡಿಯ ಆಪ್ತ, ರಾಜಕಾರಣಿ ಶ್ರೀರಾಮುಲು ಸಾಮೂಹಿಕ ಮದುವೆ ಮಾಡಿಸಿದರು. ಮಗಳ ಮದುವೆಗೆ ಬಡ್ಡಿ ಸಾಲ ಎತ್ತಬೇಕಾದ ಅಪ್ಪನಿಗೆ ಅದು ಸಣ್ಣ ವಿಷಯ ಅಲ್ಲ.

ಲೂಟಿಯೂ ನಡೆಯಿತು, ಬೆಟ್ಟಗಳು ಬೋಳಾದವು. ಅದನ್ನು ನಾನು ಯಾವತ್ತೂ ಸಮರ್ಥಿಸಲ್ಲ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸರಿಯಾದ ತೀರ್ಪೇ. ಆದರೆ ಆ ಹುಡುಗನ ಟಿಪ್ಪರ್ ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ, ಕೊನೆಗೆ ಫೈನಾನ್ಸಿನವರು ಎಳೆದುಕೊಂಡು ಹೋದರು. ಸೆಪ್ಟೆಂಬರ್‌ನಲ್ಲಿ ರೆಡ್ಡಿ ಬಂಧನವಾಯಿತು. ನವೆಂಬರ್‌ನಲ್ಲಿ ಬಳ್ಳಾರಿ ಗ್ರಾಮಾಂತರ ಕ್ಷೇತ್ರಕ್ಕೆ ಉಪಚುನಾವಣೆ, ಪಕ್ಷೇತರರಾಗಿ ನಿಂತ ಶ್ರೀರಾಮುಲು ಗೆದ್ದೇ ಬಿಟ್ಟರು. ಹೊರಗಿನವರು ಛೀ ಅಂದರು. ಕೆಲಸ ಕಳೆದುಕೊಂಡವನು ಕೆಲಸ ವಾಪಸ್ ತರ್ತಾರೆ ಅನಿಸಿದವರ ಕಡೆ ತಿರುಗಿದ, ಅಷ್ಟೇ. ಅದೇ ಬಳ್ಳಾರಿ ಗ್ರಾಮಾಂತರದ ಜನ 2023ರಲ್ಲಿ ಅದೇ ಶ್ರೀರಾಮುಲು ಅವರನ್ನು ಸೋಲಿಸಿದರು. ಅದನ್ನು ಯಾರೂ ನೆನಪಿಟ್ಟುಕೊಳ್ಳಲ್ಲ.

ಇಷ್ಟೆಲ್ಲ ಹೇಳಿದ ಮೇಲೂ 'ಬಿಡು, ನೀವು ಅರ್ಧ ಆಂಧ್ರದವರು, ಅಲ್ಲಿಯ ರಾಜಕೀಯ ನಿಮ್ಮಲ್ಲೂ ಇದೆ' ಅನ್ನುತ್ತೀಯ. ಈ ಮಾತಿನ ಜೊತೆ ಗುದ್ದಾಡಿ ಗುದ್ದಾಡಿ ಸಾಕಾಗಿದೆ. ಹೌದು, ಸಂತೆಯಲ್ಲಿ ತೆಲುಗು ಮಾತಾಡ್ತೀವಿ. ನಮ್ಮ ಸೋದರತ್ತೆ ರಾಯದುರ್ಗದಲ್ಲಿದ್ದಾರೆ. 1953ರಲ್ಲಿ ಗಡಿ ಎಳೆದಾಗ ರಾಯದುರ್ಗ, ಆದೋನಿ, ಆಲೂರು ಆಂಧ್ರದ ಕಡೆ ಹೋದವು, ನಾವು ಮೈಸೂರಿಗೆ ಸೇರಿದೆವು. ಏಕೀಕರಣಕ್ಕೆ ಮೂರು ವರ್ಷ ಮೊದಲೇ! ಧಾರವಾಡ, ಮಂಗಳೂರು ಬಂದದ್ದು ನಮ್ಮ ನಂತರ. ಆದರೂ ಬಳ್ಳಾರಿಯವನೇ ಪ್ರತಿ ಸಲ ತಾನು ಕನ್ನಡಿಗ ಅಂತ ಸಾಬೀತು ಮಾಡಬೇಕು. 1999ರಲ್ಲಿ ಸೋನಿಯಾ ಗಾಂಧಿ ಎದುರು ನಿಂತ ಸುಷ್ಮಾ ಸ್ವರಾಜ್ ಇಲ್ಲಿ ವೋಟು ಕೇಳಲು ಕನ್ನಡ ಕಲಿತು ಭಾಷಣ ಮಾಡಿದರು. ಇದು ಆಂಧ್ರದ ಊರೇ ಆಗಿದ್ದರೆ ಅವರು ಕನ್ನಡ ಯಾಕೆ ಕಲಿಯುತ್ತಿದ್ದರು, ನೀನೇ ಹೇಳು.